ಮೊಳೆ ಹೊಡೆಯಬಾರದ ಮನೆ

12 ನವೆಂಬರ್ 2024, ಮಂಗಳವಾರ
ಗೋಕಾಕ

ದೋಹಾದಿಂದ ಅರ್ಜುನ ಇವತ್ತು ನನ್ನ ಕರ್ತವ್ಯಗಳನ್ನು ಕಳಿಸಿದ್ದಾನೆ. ವಿದೇಶದಲ್ಲಿರುವ ಮನೆ ಮಾಲೀಕರು ಏಜೆಂಟನಿಂದ ಏನೇನು ನಿರೀಕ್ಷಿಸಬಹುದು ಎಂದು ಯಾವುದೋ ವಿಲಾಯತಿ ವೆಬ್‌ಸೈಟಿನಲ್ಲಿ ಓದಿ, ಫೋನಿನಿಂದಲೇ ಕನ್ನಡ ಮಾಡಿಸಿ, ವಾಟ್ಸಾಪಿಗೆ ಹಾಕಿದ್ದಾನೆ. ಅದರ ಪ್ರಕಾರ ನಾನು ಒಳ್ಳೆಯ ಬಾಡಿಗೆದಾರರನ್ನು ಹುಡುಕಬೇಕು, ಆಗಾಗ ಮನೆಯ ತಪಾಸಣೆ ಮಾಡಬೇಕು, ಮತ್ತು ಚಳಿಗಾಲದಲ್ಲಿ ನಲ್ಲಿಯ ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳಬೇಕು. ಮೂಡಲಗಿಯಲ್ಲಿ! ಅಲ್ಲಿ ನಲ್ಲಿಗೆ ನೀರು ಬರುವುದೇ ಒಂದು ಸುದ್ದಿ. ಬಂದ ನೀರನ್ನು ಹೆಪ್ಪುಗಟ್ಟುವವರೆಗೆ ಯಾರು ಬಿಟ್ಟಾರು? ಆದರೂ ‘ಆತಪಾ, ನೋಡ್ಕೋತೀನಿ’ ಎಂದು ಉತ್ತರ ಹಾಕಿದೆ. ಏಜೆಂಟನ ಮೊದಲ ಕರ್ತವ್ಯ ಹೂಂ ಅನ್ನುವುದು. ಅದನ್ನು ಬರೆಯಲು ಆ ವೆಬ್‌ಸೈಟಿನವರು ಮರೆತಿದ್ದಾರೆ.

ನಿವೃತ್ತ ಕಂಡಕ್ಟರನಿಗೆ ಇದೆಲ್ಲ ಬೇಕಿತ್ತೇ? ಬೇಕಾಗಿಯೇ ಬಂತು. ಮೂಡಲಗಿ, ಹುಕ್ಕೇರಿ ಬಸ್ಸುಗಳಲ್ಲಿ ಜೀವಮಾನ ಕಳೆದವನಿಗೆ ಯಾರು ಮನೆ ಹುಡುಕುತ್ತಿದ್ದಾರೆ, ಯಾರ ಮನೆ ಬೀಗ ಹಾಕಿದೆ ಎಂಬುದು ಟಿಕೆಟ್ ಹರಿಯುವಾಗಲೇ ಗೊತ್ತಾಗುತ್ತಿತ್ತು. ನಿವೃತ್ತನಾದ ಮೇಲೆ ಗಲ್ಫಿಗೆ ಹೋಗುವವರು ಒಬ್ಬೊಬ್ಬರಾಗಿ ಕೀಲಿ ನನ್ನ ಕೈಗಿಟ್ಟು ಹೋದರು. ಹುಕ್ಕೇರಿಯ ಮನೆ ಮಸ್ಕತ್ತಿನ ಸೊಹೇಲನದು. ಅವನು ಒಳ್ಳೆಯವನು, ಬಾಡಿಗೆ ಬಂತೋ ಇಲ್ಲವೋ ಕೇಳುವುದಿಲ್ಲ, ಹಿತ್ತಲಿನ ನಿಂಬೆಗಿಡ ಕಾಯಿ ಬಿಟ್ಟಿದೆಯೇ ಎಂದು ಮಾತ್ರ ಕೇಳುತ್ತಾನೆ. ಅರ್ಜುನ ಹಾಗಲ್ಲ. ದೋಹಾದಲ್ಲಿ ದೊಡ್ಡ ಕಟ್ಟಡ ಕಟ್ಟುವ ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಎಲ್ಲಿ ಯಾರ ತಲೆಯ ಮೇಲೆ ಏನು ಬಿದ್ದೀತು ಎಂದು ಯೋಚಿಸುವುದಕ್ಕೇ ಅವನಿಗೆ ಪಗಾರ.

ಮೂಡಲಗಿಯ ಅವನ ಮನೆ ಚೆಂದವೇ ಇದೆ. ತಾಯಿ ಗುಡ್ಡವ್ವ ಎದುರು ನಿಂತು ಕಟ್ಟಿಸಿದ ಮನೆ. ಆಕೆ ತೀರಿಕೊಂಡಳು, ಅರ್ಜುನ ಮತ್ತು ಅವನ ಹೆಂಡತಿ ಕೆಲವು ವರ್ಷ ಇದ್ದು ದೋಹಾಕ್ಕೆ ಹೋದರು. ಹಾಲ್‌ನಲ್ಲಿ ತಲೆಯ ಮೇಲೆ ಬಿಳಿ ಪಿಓಪಿ ಛತ್ತು, ಅದರ ನಡುವೆ ಪ್ಲಾಸ್ಟರಿನ ದೊಡ್ಡದೊಂದು ಹೂವು. ವೆಬ್‌ಸೈಟಿನ ಕರ್ತವ್ಯಗಳ ಕೆಳಗೆ ಅರ್ಜುನ ತನ್ನದೇ ಎರಡು ಸೇರಿಸಿದ್ದಾನೆ: ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಛತ್ತನ್ನು ಮುಟ್ಟುವಂತಿಲ್ಲ. ಒಂದು ತೂತು ಕಂಡರೂ ಬಾಡಿಗೆದಾರರು ಮನೆ ಖಾಲಿ ಮಾಡಬೇಕು, ನಾನು ಕೀಲಿ ಖಾಲಿ ಮಾಡಬೇಕು. ಗಲ್ಫ್ ಮಾಲೀಕರದೊಂದು ವಾಟ್ಸಾಪ್ ಗುಂಪಿದೆಯಂತೆ. ಒಬ್ಬನ ಕೀಲಿ ಹೋದರೆ ಎಲ್ಲರ ಕೀಲಿಯೂ ಹೋಗುತ್ತದೆ ಎಂದು ಪ್ರೀತಿಯಿಂದಲೇ ತಿಳಿಸಿದ್ದಾನೆ.

20 ನವೆಂಬರ್, ಬುಧವಾರ

ಅರ್ಜುನನ ಮನೆಗೆ ಬಾಡಿಗೆದಾರರು ಬಂದರು. ಕುಲಗೋಡದ ಕಾಡವ್ವ, ಖಡಕ್ ರೊಟ್ಟಿ ಮಾಡಿ ಹೋಟೆಲುಗಳಿಗೆ ಕೊಡುವವಳು. ಗಂಡ ಕಬ್ಬಿನ ಟ್ರಕ್ಕಿನ ಡ್ರೈವರ್. ಕಾರ್ಖಾನೆ ಶುರುವಾಗಿದೆ, ಇನ್ನು ಸೀಸನ್ ಮುಗಿಯುವವರೆಗೆ ಅವನು ಮನೆಯಲ್ಲಿ ಕಾಣಿಸುವುದು ಅಷ್ಟರಲ್ಲೇ ಇದೆ.

ಹಾಲು ಉಕ್ಕಿಸಿದ್ದೇ ತಡ, ಕಾಡವ್ವ ಸುತ್ತಿಗೆ ಹಿಡಿದುಕೊಂಡು ಬಂದಳು.

“ಅಣ್ಣಾರ, ಒಂದ ಮೊಳಿ ಹೊಡ್ಕೋತೀನ್ರಿ. ಕ್ಯಾಲೆಂಡರಕ್ಕ.”

“ಒಂದೂ ಇಲ್ಲ ತಂಗಿ. ಕರಾರಿನ್ಯಾಗ ಬರದೈತಿ. ತಾರೀಖು ಬೇಕಂದ್ರ ಫೋನಿನ್ಯಾಗ ಐತಲ್ಲ?”

“ಫೋನಿನ್ಯಾಗ ಅಮಾಸಿ ಯಾವತ್ತಂತ ಯಾರ ಹುಡುಕ್ಕೋತ ಕುಂದರಬೇಕ್ರಿ? ರೊಟ್ಟಿ ಹಿಟ್ಟಿನ ಕೈ ನಂದು.”

ಉತ್ತರ ಹೊಳೆಯದಿದ್ದಾಗ ಕರಾರು ತೋರಿಸಬೇಕು. ತೋರಿಸಿದೆ. ಅವಳು ಕ್ಯಾಲೆಂಡರಿಗೆ ದಾರ ಕಟ್ಟಿ ಕಿಟಕಿಯ ಸರಳಿಗೆ ಇಳಿಬಿಟ್ಟಳು. ಗಾಳಿ ಬಂದಾಗಲೆಲ್ಲ ನವೆಂಬರ್ ಹೊರಗೆ ಹೋಗಿ ಒಳಗೆ ಬರುತ್ತಿತ್ತು. ದೇವರ ಫೋಟೊಗಳು ಕಪಾಟಿನ ಮೇಲೆ ಒಂದಕ್ಕೊಂದು ಒರಗಿ, ಸೀಟು ಸಿಗದ ಪ್ರಯಾಣಿಕರಂತೆ ನಿಂತವು. ನಾನು ಕಾನೂನು ಕಾಪಾಡಿದ ಸಮಾಧಾನದಲ್ಲಿ ಬಸ್ಸು ಹತ್ತಿದೆ.

6 ಡಿಸೆಂಬರ್, ಶುಕ್ರವಾರ

ಮೊದಲ ತಪಾಸಣೆ. ಶುಕ್ರವಾರ ಅರ್ಜುನನಿಗೆ ರಜೆ, ನನಗೆ ಜುಮ್ಮಾ. ನಮಾಜು ಮುಗಿಸಿ ಮೂಡಲಗಿಗೆ ಓಡಿ, ವಿಡಿಯೊ ಕಾಲ್ ಹಚ್ಚಿ, ಮನೆ ತುಂಬ ಫೋನು ಹಿಡಿದು ತಿರುಗಿದೆ. ಮದುವೆಯ ವಿಡಿಯೊದವನಿಗಾದರೂ ಊಟ ಹಾಕುತ್ತಾರೆ.

“ಕಾಕಾ, ಬಚ್ಚಲದ ಮೂಲಿ ತೋರಸ್ರಿ. ಸ್ವಿಚ್ ಬೋರ್ಡ್ ತೋರಸ್ರಿ. ಈಗ ಮ್ಯಾಲೆ. ಇನ್ನೂ ಮ್ಯಾಲೆ.”

ಛತ್ತು ಬಂದ ಕೂಡಲೇ ಮಾತು ನಿಂತಿತು. ಆ ಪಿಓಪಿ ಹೂವನ್ನು ನೋಡಿಕೊಂಡು ಕೂತುಬಿಟ್ಟ. ನನ್ನ ಕತ್ತು ನೋಯತೊಡಗಿದರೂ ಅವನು ಬಿಡಲಿಲ್ಲ. ಹೆಂಡತಿಯ ಮುಖವನ್ನಾದರೂ ಇಷ್ಟು ಹೊತ್ತು ನೋಡುತ್ತಾನೋ ಇಲ್ಲವೋ. ಆಕೆ ಒಮ್ಮೆಯೂ ಫೋನಿನ ಎದುರು ಬಂದವಳಲ್ಲ.

ಅಷ್ಟರಲ್ಲಿ ಕಾಡವ್ವ ಚಹಾ ತಂದಳು. ನನಗೊಂದು ಕಪ್ಪು. ಇನ್ನೊಂದನ್ನು ಸ್ಟೂಲಿನ ಮೇಲೆ, ನಾನು ಒರಗಿಸಿಟ್ಟ ಫೋನಿನ ಎದುರು ಇಟ್ಟಳು.

“ಇದ್ಯಾರಿಗವಾ?” ಎಂದೆ.

“ಮಾಲಕರಿಗ್ರಿ. ಮನಿಗೆ ಬಂದವರ್ನ ಹಂಗ ಕುಂದರಸಾಕ ಬರತೈತನ್ರಿ?”

ದೋಹಾದಲ್ಲಿ ಕೂತವನು “ಥ್ಯಾಂಕ್ಸ್ ರಿ ಅಕ್ಕಾರ” ಎಂದ. ಅಲ್ಲಿಗೆ ತಪಾಸಣೆ ಮುಗಿಯಿತು. ಆರಿದ ಚಹಾ ಚೆಲ್ಲಬಾರದೆಂದು ಅವನ ಪಾಲಿನದನ್ನೂ ನಾನೇ ಕುಡಿದೆ. ಇದೂ ಏಜೆಂಟನ ಕರ್ತವ್ಯಗಳಲ್ಲಿ ಒಂದು.

15 ಡಿಸೆಂಬರ್, ಭಾನುವಾರ

ಅರ್ಜುನನ ಮನೆಯಲ್ಲಿ ಹೊಸ ಸಮಸ್ಯೆ. ಕಾಡವ್ವನ ಮಗಳು ಐಶ್ವರ್ಯ ಸೀಮಂತದ ಕುಬಸ ಮಾಡಿಸಿಕೊಂಡು ಚೊಚ್ಚಲ ಹೆರಿಗೆಗೆ ಯಮಕನಮರಡಿಯ ಗಂಡನ ಮನೆಯಿಂದ ತವರಿಗೆ ಬಂದಿದ್ದಾಳೆ. ಬರಲಿ. ಆದರೆ ಅವಳ ಹಿಂದೆಯೇ ಕುಲಗೋಡದಿಂದ ಬಸ್ಸಿನ ಟಾಪ್ ಮೇಲೆ ಒಂದು ಮರದ ತೊಟ್ಟಿಲೂ ಬಂದಿದೆ. ಹಿತ್ತಾಳೆ ಸರಪಳಿ, ನಾಲ್ಕೂ ಮೂಲೆಗೆ ಗಿಳಿ. ಕಾಡವ್ವ ಮಲಗಿದ್ದು ಅದರಲ್ಲೇ, ಐಶ್ವರ್ಯ ಮಲಗಿದ್ದೂ ಅದರಲ್ಲೇ. ಲಗೇಜ್ ಟಿಕೆಟ್ ತೆಗೆದಿದ್ದರೋ ಇಲ್ಲವೋ ಎಂದು ಕೇಳುವ ಚಟ ಬಾಯಿಯವರೆಗೆ ಬಂದಿತ್ತು, ನುಂಗಿಕೊಂಡೆ.

“ಛತ್ತಿಗೆ ಒಂದ ಕೊಂಡಿ ಬೇಕ್ರಿ ಅಣ್ಣಾರ. ಒಂದಽ ಒಂದು,” ಎಂದಳು.

ಕ್ಯಾಲೆಂಡರಿನ ಮೊಳೆಗೇ ಒಪ್ಪದವನ ಛತ್ತಿಗೆ ಕೊಂಡಿ! ಗೋಕಾಕದಲ್ಲಿ ಸ್ಟ್ಯಾಂಡಿನ ಕಬ್ಬಿಣದ ತೊಟ್ಟಿಲು ಸಿಗುತ್ತದೆ, ತಂದುಕೋ ಎಂದೆ. ಕಾಡವ್ವ ನನ್ನನ್ನು ನೋಡಿದ ರೀತಿಗೆ ನಾನು ಮಗುವನ್ನು ರೊಟ್ಟಿ ಬುಟ್ಟಿಯಲ್ಲಿ ಮಲಗಿಸು ಎಂದಿದ್ದೆನೋ ಅನ್ನಿಸಿತು. ತವರಿನ ತೊಟ್ಟಿಲು ನೆಲಕ್ಕೆ ತಾಗಬಾರದಂತೆ, ಮೇಲಿಂದ ತೂಗಬೇಕಂತೆ. ಬೀಗರು ನಾಮಕರಣಕ್ಕೆ ಬಂದಾಗ ಮೊದಲು ನೋಡುವುದು ಅದನ್ನೇ ಅಂತೆ.

ಆಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ ಬಂದೆ. ಮನೆಗೆ ಬಂದು ಹೆಂಡತಿ ಜರೀನಾಬಿಗೆ ಹೇಳಿದೆ. ನಮ್ಮ ಮನೆಯ ಮಾತು ಉರ್ದು. ಬೈಯುವಾಗ ಮಾತ್ರ ಅವಳು ಕನ್ನಡಕ್ಕೆ ಬರುತ್ತಾಳೆ, ಪಕ್ಕದ ಮನೆಯವರಿಗೂ ತಿಳಿಯಲಿ ಎಂದು.

“ನಿಮ್ಮ ಮೂರೂ ಮಕ್ಕಳು ಎಲ್ಲಿ ಮಲಗಿದ್ವು? ಬಸ್ಸಿನ ಸೀಟಿನ ಮ್ಯಾಗನು? ನಮ್ಮಪ್ಪ ತೊಲಿಗೆ ಹಗ್ಗ ಹಾಕಿ ತೊಟ್ಲಾ ಕಟ್ಟಿದ್ದು ಮರತಬಿಟ್ರ್ಯಾ?”

ಊಟ ಬಡಿಸಿದಳು, ಆದರೆ ಪಲ್ಯಕ್ಕೆ ಉಪ್ಪು ಹಾಕಿರಲಿಲ್ಲ.

3 ಜನವರಿ 2025, ಶುಕ್ರವಾರ

ತಪಾಸಣೆ. ಹಾಲ್‌ನ ಮೂಲೆಯಲ್ಲಿ ಚಾದರ ಹೊದಿಸಿದ ತೊಟ್ಟಿಲು ಅರ್ಜುನನ ಕಣ್ಣಿಗೆ ಬಿತ್ತು. ಕ್ರೇನಿನ ಬೋಲ್ಟು ಸಡಿಲಾದದ್ದನ್ನು ದೂರದಿಂದ ಹಿಡಿಯುವ ಕಣ್ಣು ಅದು.

“ಕಾಕಾ, ಅದೇನು?”

“ಮಂಚದ ಕಾಲಪಾ. ಬಿಚ್ಚಿ ಇಟ್ಟಾರ.”

ಸುಳ್ಳು ಹೇಳಿದ್ದು ಕಾಡವ್ವನಿಗಾಗಿ ಅಲ್ಲ. ನಿಜ ಹೇಳಿದ್ದರೆ ಕಾಲ್ ಉದ್ದವಾಗುತ್ತಿತ್ತು, ಬಸ್ಸು ತಪ್ಪುತ್ತಿತ್ತು. ಅರ್ಜುನ ಎಂದಿನಂತೆ “ಮ್ಯಾಲೆ ತೋರಸ್ರಿ” ಎಂದ. ತೋರಿಸಿದೆ. ಹೂವು ಅಲ್ಲೇ ಇತ್ತು, ಬಾಡಿರಲಿಲ್ಲ.

10 ಜನವರಿ, ಶುಕ್ರವಾರ

ಅರ್ಜುನನಿಗೆ ಸೈಟಿನಲ್ಲಿ ಕೆಲಸವಂತೆ, ತಪಾಸಣೆ ಇಲ್ಲ. ಆದರೂ ಮೂಡಲಗಿಗೆ ಹೋಗಿ ಬಂದೆ. ಯಾಕೆ ಹೋದೆ ಎಂದು ಬರೆಯಲು ಕೂತರೆ ಹೊಳೆಯುತ್ತಿಲ್ಲ. ಬಸ್ಸು ಖಾಲಿ ಇತ್ತು, ಅದಕ್ಕೇ ಇರಬೇಕು. ಜರೀನಾಬಿ ಬಸುರಿಗೆಂದು ಚಪಾತಿ ಪುಡಿಗೆ ಬೆಲ್ಲ ಕಲಸಿ ಕಟ್ಟಿಕೊಟ್ಟ ಮಾಲ್ದಿಯ ಡಬ್ಬಿಯನ್ನು ಕೊಟ್ಟೆ. ಹುಡುಗಿಯ ಕಾಲು ಬಾತಿವೆ.

22 ಜನವರಿ, ಬುಧವಾರ

ಐಶ್ವರ್ಯಳಿಗೆ ಹೆಣ್ಣು ಮಗು. ಇಲ್ಲೇ ಗೋಕಾಕದ ಆಸ್ಪತ್ರೆಯಲ್ಲಿ, ಆಪರೇಷನ್ ಮಾಡಿ ತೆಗೆದರು. ರಕ್ತ ಬಹಳ ಹೋಗಿದೆಯಂತೆ. ಕಾಡವ್ವನ ಗಂಡ ಕಬ್ಬಿನ ಟ್ರಕ್ಕಿನೊಂದಿಗೆ ಕಾರ್ಖಾನೆಯ ಸಾಲಿನಲ್ಲಿ ಸಿಕ್ಕಿಕೊಂಡಿದ್ದ, ಹೀಗಾಗಿ ಔಷಧಿ ಅಂಗಡಿಗೆ ಓಡಾಡಿದ್ದು ನಾನು. ವೆಬ್‌ಸೈಟಿನಲ್ಲಿ ಇದು ಇರಲಿಲ್ಲ.

ಮಗು ನೋಡಲು ಯಾರ ಹಾಗೂ ಇಲ್ಲ. ಎಲ್ಲರೂ ತಮ್ಮ ಹಾಗೇ ಇದೆ ಎಂದು ಹೇಳುತ್ತಿದ್ದರು.

27 ಜನವರಿ, ಸೋಮವಾರ

ಬಾಣಂತಿಯನ್ನು ಕಾಡವ್ವನ ಮನೆಗೆ ಕರೆತಂದಾಗಿದೆ. ಇವತ್ತು ಬೀಗತಿ ಯಮನವ್ವ ಯಮಕನಮರಡಿಯಿಂದ ಬಂದಿದ್ದಳು. ಅದೇ ಹೊತ್ತಿಗೆ ನಾನೂ ಅಲ್ಲಿದ್ದೆ. ನಲ್ಲಿಯ ನೀರು ಹೆಪ್ಪುಗಟ್ಟಿದೆಯೇ ನೋಡಲು ಹೋಗಿದ್ದೆ ಎಂದು ಬರೆದುಕೊಳ್ಳುತ್ತೇನೆ.

ಯಮನವ್ವ ಮಗುವನ್ನು ಎತ್ತಿಕೊಂಡಳು, ಛತ್ತು ನೋಡಿದಳು, ಮೂಲೆಯ ತೊಟ್ಟಿಲು ನೋಡಿದಳು.

“ಅಯ್ಯನವರು ಪಂಚಾಂಗ ನೋಡಿ ಏಳನೇ ತಾರೀಖು ಶುಕ್ರವಾರ ತಗದ ಕೊಟ್ಟಾರ. ಅವತ್ತ ಕೂಸಿನ ತೊಟ್ಟಲದಾಗ ಹಾಕಬೇಕು. ಇಲ್ಲಿ ತೊಟ್ಲಾ ಕಟ್ಟಾಕ ಆಗಂಗಿಲ್ಲಂದ್ರ ಹೇಳ್ರಿ. ನಮ್ಮ ಮನ್ಯಾಗ ತೊಲಿ ಐತಿ, ಕೊಂಡಿ ಐತಿ. ಸೊಸಿನ್ನೂ ಕೂಸಿನ್ನೂ ಅವತ್ತಽ ಕರ್ಕೊಂಡ್ ಹೋಗತೀವು.”

“ಹೊಲಿಗಿ ಗಾಯ ಇನ್ನೂ ಮಾದಿಲ್ರಿ ಬೀಗತಿಯಾರ. ಐದು ತಿಂಗಳಾರ ತವರಾಗ ಇರ್ಲ್ರಿ,” ಎಂದಳು ಕಾಡವ್ವ.

“ಇರಾಕ ತವರಮನಿ ಬೇಕಲ್ರಿ. ಇದು ನಿಮ್ಮ ಮನಿ ಏನ್ರಿ? ಒಂದು ಮೊಳಿ ಹೊಡ್ಯಾಕ ಬರಂಗಿಲ್ಲ.”

ಕಾಡವ್ವ ಮಗುವನ್ನು ಅವಳ ಕೈಯಿಂದ ತೆಗೆದುಕೊಂಡಳು. ಒಳಗೆ ಐಶ್ವರ್ಯ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು, ಆದರೆ ನಿದ್ದೆ ಮಾಡುತ್ತಿರಲಿಲ್ಲ. ಯಮನವ್ವನ ಮನೆಯಲ್ಲಿ ಎಮ್ಮೆಗಳಿವೆ, ಹಿಂಡುವ ಕೈ ಕಡಿಮೆ ಇವೆ. ಆ ಹುಡುಗಿಗೆ ಅಲ್ಲಿ ಎಂಥ ಬಾಣಂತನ ಕಾದಿದೆ ಎಂದು ನನ್ನಂಥವನಿಗೂ ತಿಳಿಯುತ್ತದೆ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ನೋಡಿದರೆ, ಆ ಮನೆಯಲ್ಲಿ ಮೊಳೆ ಬೇಡ ಎಂದು ಬಾಯಿಬಿಟ್ಟು ಹೇಳಿದವನು ನಾನೊಬ್ಬನೇ ಇದ್ದೆ.

ಬರುವಾಗ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ದಪ್ಪ ಕೊಂಡಿ ತೆಗೆದುಕೊಂಡೆ. ಸುಮ್ಮನೆ. ಮನೆಯಲ್ಲಿ ಒಂದು ಇರಲಿ ಎಂದು.

30 ಜನವರಿ, ಗುರುವಾರ

ಡ್ರಿಲ್ ಮಷಿನ್‌ನವನಿಗೆ ಹೇಳಿದ್ದೇನೆ. ಉಪಾಯ ಹೀಗಿದೆ: ನಾಳೆ ಶುಕ್ರವಾರ ತಪಾಸಣೆ ಮುಗಿಯಲಿ, ಅದು ಮುಗಿದ ಕೂಡಲೇ ತೂತು. ಏಳನೇ ತಾರೀಖು ಹೆಸರಿಡುವ ದಿನ ಅರ್ಜುನ ಫೋನು ಮಾಡಿದರೆ ಮೂಡಲಗಿಯಲ್ಲಿ ನೆಟ್‌ವರ್ಕ್ ಇಲ್ಲ. ಮುಂದೆ ಯಾವಾಗಲೋ ಪಿಓಪಿಯವನನ್ನು ಕರೆಸಿ ಇನ್ನೊಂದು ಹೂವು ಮಾಡಿಸಿದರಾಯಿತು. ಟಿಕೆಟ್ ಇಲ್ಲದ ಪ್ರಯಾಣಿಕರನ್ನು ಹಿಡಿದು ಹಿಡಿದು ಅವರ ಉಪಾಯಗಳೆಲ್ಲ ನನಗೆ ಬಾಯಿಪಾಠ ಆಗಿವೆ.

ಜರೀನಾಬಿಗೆ ಹೇಳಿದೆ. ಪಲ್ಯಕ್ಕೆ ಉಪ್ಪು ಸರಿಯಾಗಿತ್ತು.

31 ಜನವರಿ, ಶುಕ್ರವಾರ

ಉಪಾಯ ಹಾಳಾಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬಚ್ಚಲು ತೋರಿಸಿದೆ, ಸ್ವಿಚ್ ಬೋರ್ಡ್ ತೋರಿಸಿದೆ. ಕಾಡವ್ವ ಎಂದಿನಂತೆ ಫೋನಿಗೆ ಚಹಾ ಇಟ್ಟಳು. ಡ್ರಿಲ್‌ನವನು ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಆಗ ಒಳಗಿನಿಂದ ಮಗು ಅತ್ತಿತು. ಅಷ್ಟು ಚಿಕ್ಕ ಮಗುವಿಗೆ ಅಂಥ ಗಂಟಲು ಎಲ್ಲಿಂದ ಬಂತೋ.

“ಕಾಕಾ,” ಎಂದ ಅರ್ಜುನ. “ಕೂಸು ಯಾರ್ದು?”

“ಟಿವಿ ಹಚ್ಚ್ಯಾರಪಾ.”

“ಟಿವಿ ಅಲ್ಲದು.”

ಮಗು ಇನ್ನೂ ಜೋರಾಗಿ ಅತ್ತಿತು. ಕಾಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು, ಅತ್ತದ್ದು ತಾನೇ ಎಂಬಂತೆ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಸ್ವಂತ ಮೊಮ್ಮಗಳು ಅತ್ತರೆ ಒಂದು ಹೆಂಗಸು ಹೆದರಬೇಕೇ?

“ಖರೆ ಹೇಳತೀನಿ ಕೇಳು,” ಎಂದೆ. “ಅಕಿ ಮಗಳ ಕೂಸು. ಅವತ್ತ ನೀ ನೋಡಿದ್ದು ಮಂಚದ ಕಾಲಲ್ಲ, ತೊಟ್ಲಾ. ಮುಂದಿನ ಶುಕ್ರವಾರ ಅದನ್ನ ಕಟ್ಟಲಿಲ್ಲಂದ್ರ ಆ ಹಸಿ ಬಾಣಂತಿನ್ನ ಬೀಗರು ಎಬ್ಬಿಸಿ ಕರ್ಕೊಂಡ್ ಹೋಗತಾರ. ಡ್ರಿಲ್‌ನವ ಹೊರಗ ಕುಂತಾನ, ಕೊಂಡಿ ನನ್ನ ಕಿಸೆದಾಗ ಐತಿ. ನಿನ್ನ ಹೂವಿಗೆ ತೂತು ಬೀಳತೈತಿ. ಅದು ನಡೆಯಂಗಿಲ್ಲಂದ್ರ ನಿನ್ನ ಕೀಲಿ ತಗೋ, ಗುಂಪಿನ್ಯಾಗ ಏನ್ ಹಾಕತಿ ಹಾಕು. ಆದ್ರ ಇವರ್ನ ಬಿಡಸಬ್ಯಾಡ. ತೂತು ಹೊಡ್ಯಾಕ ಹೇಳಿದಾಂವ ನಾನು.”

ಫೋನು ಕೆಟ್ಟಿತೋ ಎಂದು ನೋಡಿದೆ, ಕೆಟ್ಟಿರಲಿಲ್ಲ. ಅರ್ಜುನನ ಹಿಂದೆ ಗೋಡೆಗೆ ಹಳದಿ ಹೆಲ್ಮೆಟ್ಟು ತೂಗುಹಾಕಿತ್ತು. ಮೊಳೆಗೆ.

“ಕಾಕಾ, ಡ್ರಿಲ್ ಹಚ್ಚಬ್ಯಾಡ್ರಿ,” ಎಂದ.

“ಹಂಗಾರ ಕೀಲಿ...”

“ಕೇಳ್ರಿಲ್ಲೆ. ಆ ಹೂವು ಒಡೀರಿ. ಅದರ ಹಿಂದ ಸ್ಲ್ಯಾಬಿನ್ಯಾಗ ಎರಡು ಕೊಂಡಿ ಅದಾವ. ಸ್ಲ್ಯಾಬ್ ಹಾಕೋ ದಿನ ನಮ್ಮವ್ವ ಬಿಸಲಾಗ ನಿಂತು ಕಟ್ಟಿಸಿದ್ದು. ಮೊಮ್ಮಕ್ಕಳ ತೊಟ್ಟಲಕ್ಕಂತ.”

ನಾನು ಮೇಲೆ ನೋಡಿದೆ. ಕಾಡವ್ವನೂ ನೋಡಿದಳು.

“ನಮಗ ಉಪಯೋಗ ಬರ್ಲಿಲ್ರಿ. ಎರಡ ಸಲ ದಿನಾ ತುಂಬಾಕ ಬಂದು ಕೂಸು ಹೋದ್ವು. ಆಮ್ಯಾಲೆ ನಮ್ಮಾಕಿ ಎಲ್ಲಿ ಕುಂತ್ರೂ ಕಣ್ಣು ಅಲ್ಲೇ ಹೋಗತಿದ್ವು. ಅದಕ್ಕ ಪಿಓಪಿ ಮಾಡಿಸಿ ಮುಚ್ಚಿದೆ. ಮುಚ್ಚಿದ್ರೂ ನನಗ ಮಾತ್ರ ಅವು ಕಾಣತಿದ್ವು ಕಾಕಾ.”

ಈ ಪುಟಗಳಲ್ಲಿ ಆ ಹೂವಿನ ಬಗ್ಗೆ ನಾನು ಬರೆದದ್ದೆಲ್ಲ ನೆನಪಾಗಿ ಸಂಕಟವಾಯಿತು. ಕಾಡವ್ವ ಫೋನಿನ ಎದುರಿನ ಆರಿದ ಚಹಾ ತೆಗೆದು, ಬಿಸಿಯದನ್ನು ತಂದಿಟ್ಟಳು.

ಆಮೇಲೆ ಮಾತಾಡಿದ್ದು ಸೇಫ್ಟಿ ಆಫೀಸರ್.

“ಆದ್ರ ಹಂಗ ಕೂಸಿನ ಹಾಕಬ್ಯಾಡ್ರಿ. ಕೊಂಡಿ ತುಕ್ಕು ಹಿಡದಿರಬಹುದು. ಮೊದಲ ಒಂದು ಸಿಮೆಂಟ್ ಚೀಲ ತೂಗಹಾಕ್ರಿ. ಎರಡು ದಿನ ಇರ್ಲಿ. ಫೋಟೊ ಕಳಸ್ರಿ. ನಾ ಹೇಳೋತನಕ ಕೂಸು ಅದರ ಕೆಳಗೂ ಬರಬಾರದು.”

4 ಫೆಬ್ರವರಿ, ಮಂಗಳವಾರ

ಹೂವು ಒಡೆದೆವು. ಕೊಂಡಿಗಳು ಇದ್ದವು, ಗುಡ್ಡವ್ವ ಕಟ್ಟಿಸಿಹೋದ ಹಾಗೆಯೇ. ತುಕ್ಕು ಮೇಲೆ ಮೇಲೆ ಮಾತ್ರ. ಉಜ್ಜಿ, ಎಣ್ಣೆ ಹಚ್ಚಿ, ನಿನ್ನೆಯಿಂದ ಸಿಮೆಂಟ್ ಚೀಲ ತೂಗುಹಾಕಿದ್ದೇವೆ. ಹಾಲ್‌ನ ನಡುವೆ ಅದು ಗಂಭೀರವಾಗಿ ತೂಗುತ್ತಿದೆ. ಕಾಡವ್ವ ಸುಮ್ಮನಿರಲಾರದೆ ಅದಕ್ಕೆ ವಿಭೂತಿ ಹಚ್ಚಿದ್ದಾಳೆ. ಓಣಿಯ ಹೆಂಗಸರೆಲ್ಲ ಬಂದು ನೋಡಿಹೋದರು. ಒಬ್ಬಳು ಜೋಗುಳವನ್ನೂ ಹಾಡಿದಳು.

ಅಯ್ಯನವರು ಹೇಳಿದ ಸಾಮಾನು ಇಟ್ಟುಹೋಗಲು ಬಂದ ಯಮನವ್ವ ಬಾಗಿಲಲ್ಲೇ ನಿಂತಳು.

“ಇದೇನ್ರಿ ಇದು?”

“ತಪಾಸಣಿ ನಡದೈತ್ರಿ,” ಎಂದೆ. “ನಿಮ್ಮ ತೊಲಿಗೆ ಯಾರರ ಚೀಲ ಕಟ್ಟಿ ನೋಡ್ಯಾರೇನ್ರಿ? ಇಲ್ಲೆ ದೋಹಾದಿಂದ ಪಾಸ್ ಆಗಿ ಬರಬೇಕ್ರಿ.”

ಆಕೆ ಚಹಾ ಕುಡಿದು ಹೋದಳು. ಸೊಸೆಯನ್ನು ಕರೆದೊಯ್ಯುವ ಮಾತು ಎತ್ತಲಿಲ್ಲ. ನಾನು ಬಸ್ಸಿನ ಹೊತ್ತಾಗುವವರೆಗೆ ಚೀಲ ನೋಡುತ್ತ ಕೂತಿದ್ದೆ. ಯಾರಾದರೊಬ್ಬರು ನೋಡಬೇಕಲ್ಲ. ಫೋಟೊ ಕಳಿಸಿದರೆ ಅರ್ಜುನ ‘ಇನ್ನೊಂದು ದಿನ ಇರಲಿ’ ಎಂದ.

7 ಫೆಬ್ರವರಿ, ಶುಕ್ರವಾರ

ನಿನ್ನೆ ದೋಹಾದಿಂದ ಕೊಂಡಿಗಳು ಪಾಸಾದವು, ಇವತ್ತು ಕಾಡವ್ವನ ಮನೆಯಲ್ಲಿ ಹೆಸರಿಟ್ಟರು. ಜುಮ್ಮಾ ಮುಗಿಸಿ ಹೋಗುವುದರೊಳಗೆ ಹಾಲ್ ತುಂಬಿತ್ತು, ಜರೀನಾಬಿ ಬೆಳಿಗ್ಗೆಯೇ ಹೋಗಿ ಎಲ್ಲರ ನಡುವೆ ಕೂತಿದ್ದಳು. ಹುಣಸೆಹಣ್ಣು ಹಾಕಿ ತಿಕ್ಕಿದ ಸರಪಳಿ, ನಾಲ್ಕೂ ಮೂಲೆಯ ಗಿಳಿ, ತೊಟ್ಟಿಲು ಹೊಸದರ ಹಾಗಿತ್ತು. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು, ಉಳಿದವರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು. ಹೆಸರು ಏನೋ ಹೊಸ ನಮೂನೆಯದು, ಬರೆಯಲು ನನಗೆ ಬರುವುದಿಲ್ಲ. ಐಶ್ವರ್ಯ ಗೋಡೆಗೆ ಒರಗಿ ಕೂತು ನಗುತ್ತಿದ್ದಳು. ಅವಳ ತಲೆಯ ಮೇಲೆ ಕ್ಯಾಲೆಂಡರು, ಕಿಟಕಿಗಲ್ಲ, ಗೋಡೆಗೇ. ನಾನು ಅದನ್ನು ನೋಡಲಿಲ್ಲ.

ಅರ್ಜುನನ ಕಾಲ್ ಬಂತು. ಮೂಡಲಗಿಯಲ್ಲಿ ನೆಟ್‌ವರ್ಕ್ ಚೆನ್ನಾಗಿತ್ತು. ಫೋನನ್ನು ಸ್ಟೂಲಿನ ಮೇಲಿಟ್ಟು ಎದುರಿಗೆ ಕಾಡವ್ವ ಚಹಾ ಇಟ್ಟಳು, ಇವತ್ತು ಎರಡು ಕಪ್ಪು. ಅರ್ಜುನನ ಪಕ್ಕದಲ್ಲಿ ಅವನ ಹೆಂಡತಿ ಕೂತಿದ್ದನ್ನು ನನಗಿಂತ ಮೊದಲು ಕಾಡವ್ವನೇ ನೋಡಿದ್ದಳು.

ಗೋಡೆಯ ಮೊಳೆ ಅವರಿಗೆ ಕಾಣದೇ ಇರಲು ಸಾಧ್ಯವಿರಲಿಲ್ಲ. ನಾನು ಒಂದು ಸುಳ್ಳನ್ನು ತಯಾರಾಗಿ ಇಟ್ಟುಕೊಂಡಿದ್ದೆ, ಯಾರೂ ಕೇಳಲಿಲ್ಲ.

“ಕಾಕಾ, ಮ್ಯಾಲೆ ತೋರಸ್ರಿ,” ಎಂದ ಅರ್ಜುನ. ಅಭ್ಯಾಸ.

ಫೋನು ಎತ್ತಿ ಮೇಲೆ ಹಿಡಿದೆ. ಒಡೆದ ಪಿಓಪಿ, ಎರಡು ಕೊಂಡಿ, ಅವಕ್ಕೆ ಹಾಕಿದ ಸರಪಳಿ. ಕತ್ತು ನೋಯುವವರೆಗೆ ಹಿಡಿಯಬೇಕಾದೀತು ಎಂದು ಗಟ್ಟಿಯಾಗಿ ನಿಂತುಕೊಂಡೆ.

ಆಗ ಆ ಹೆಣ್ಣುಮಗಳ ದನಿ ಬಂತು. ಇಷ್ಟು ತಿಂಗಳಲ್ಲಿ ನಾನು ಅದನ್ನು ಕೇಳಿದ್ದು ಇವತ್ತೇ.

“ಕೆಳಗ ತೋರಸ್ರಿ ಕಾಕಾ,” ಎಂದಳು. “ಇನ್ನೂ ಸ್ವಲ್ಪ ಕೆಳಗ.”

ತೋರಿಸಿದೆ. ಸ್ಟೂಲಿನ ಮೇಲೆ ಎರಡು ಕಪ್ಪು ಚಹಾ ಆರಿಹೋಯಿತು, ಅವರು ತೊಟ್ಟಿಲಲ್ಲಿದ್ದ ಮಗುವನ್ನು ನೋಡುತ್ತಲೇ ಇದ್ದರು.